ಇಳಿಜಾರಿನಲ್ಲಿ ಆರಿಸಿದ ಎಂಜಿನ್

ಇಸ್ಮಾಯಿಲ್ ಚಾಚಾ, ನಿಮ್ಮ ಕಾಲು ಹೋದದ್ದು ನಿಮ್ಮ ಜಿಪುಣತನದಿಂದಲ್ಲ, ನನ್ನಿಂದ. ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಅದನ್ನು ಹೇಳಲೆಂದೇ ಈ ಕಾಗದ ಬರೆಯಲು ಕುಳಿತಿದ್ದೇನೆ.

ಆಗ ನನ್ನ ಎಂ.ಟೆಕ್. ಕೊನೆಯ ವರ್ಷ. ಎಂಜಿನ್ ಆಯಿಲ್‌ಗೆ ನ್ಯಾನೋ ಪುಡಿ ಬೆರೆಸಿದರೆ ತಿಕ್ಕಾಟ ಕಡಿಮೆಯಾಗಿ ಡೀಸೆಲ್ ಉಳಿಯುತ್ತದೆಯೇ ಎಂಬುದು ಪ್ರಾಜೆಕ್ಟು. ಕಾಲೇಜಿನ ಯಂತ್ರದಲ್ಲೇನೋ ಡೀಸೆಲ್ ಉಳಿದಿತ್ತು. ರಸ್ತೆಯ ಮೇಲೆ ತೋರಿಸಲು ಗಾಡಿ ಬೇಕಿತ್ತು. ಕಡೂರಿನಲ್ಲಿ ನಮ್ಮ ಪಕ್ಕದ ಮನೆಯವರಾದ ನೀವು ನಿಮ್ಮ ಟೆಂಪೋ ಕೊಟ್ಟಿರಿ. ಕಣ್ಣಿಗೆ ಕಾಣದ ಕಣಗಳು ಕಬ್ಬಿಣದ ನಡುವೆ ರಾಗಿಕಾಳಿನಂತೆ ಉರುಳುತ್ತವೆ ಎಂದು ನಾನು ಹೇಳಿದರೆ, ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಲೇ ನಿಂತಿದ್ದಿರಿ.

ಎರಡು ವಾರ ಏನೂ ಉಳಿಯಲಿಲ್ಲ. ನಿಮ್ಮ ಜಗಲಿಯಲ್ಲೇ ಕೂತು ಅತ್ತೆ. ಮೂರನೆಯ ವಾರದಿಂದ ಅಷ್ಟೇ ದೂರ ಓಡಿದರೂ ಟ್ಯಾಂಕ್ ತುಂಬಿಸಲು ಕಡಿಮೆ ಡೀಸೆಲ್ ಸಾಕಾಗತೊಡಗಿತು!

ಒಂದು ಮಧ್ಯಾಹ್ನ ನಾನೂ ಜೊತೆಗೆ ಬಂದೆ. ತರೀಕೆರೆ ದಾಟಿ, ಬೆಟ್ಟದ ತೋಟಕ್ಕೆ ಗೊಬ್ಬರ ಇಳಿಸಿ ಹಿಂದಿರುಗುವಾಗ, ಇಳಿಜಾರಿನ ತುದಿಯಲ್ಲಿ ನೀವು ಎಂಜಿನ್ ಆರಿಸಿದಿರಿ. ಆಹಾ, ಆ ಮೌನ — ಗಾಳಿ, ಟೈರಿನ ಸಣ್ಣ ಸದ್ದು, ತೇಲಿದಂತೆ ಜಾರುವ ಟೆಂಪೋ... ಈಗಲೂ ಕಣ್ಣು ಮುಚ್ಚಿದರೆ ನಾನು ಜಾರುತ್ತಲೇ ಇರುತ್ತೇನೆ.

"ಇದೇನ್ ಚಾಚಾ?"

"ನಿನ್ನ ಎಣ್ಣೆ ಸೋಲ್ಬಾರ್ದು ಕಣಮ್ಮ. ಅವತ್ತು ಅತ್ಬಿಟ್ಯಲ್ಲ, ನೋಡಕ್ಕಾಗ್ಲಿಲ್ಲ."

ಎಂಜಿನ್ ನಿಂತರೆ ಬ್ರೇಕ್‌ಗೆ ಬಲ ಸಿಗದು, ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ — ಇದನ್ನು ಓದಿದವಳು ನಾನು. ಬೇಡ ಎನ್ನಬೇಕಿತ್ತು. ಅಂದದ್ದೇನು?

"ಯಾರಿಗೂ ಹೇಳ್ಬೇಡಿ ಚಾಚಾ."

"ಅಲ್ಲಾನಾಣೆ ಹೇಳಲ್ಲ."

ವಾರ ಕಳೆಯುವಷ್ಟರಲ್ಲಿ ಅದೇ ಇಳಿಜಾರಿನಲ್ಲಿ, ಎಂಜಿನ್ ಆರಿಸಿ ಇಳಿಯುವಾಗ, ಬ್ರೇಕ್ ಹಿಡಿಯಲಿಲ್ಲ, ಟೆಂಪೋ ಮರಕ್ಕೆ ಬಡಿಯಿತು. ನಿಮ್ಮ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಒಂದು ಲೀಟರ್ ಡೀಸೆಲ್ ಆಸೆಗೆ ಕಾಲು ಕಳೆದುಕೊಂಡ ಎಂದು ಓಣಿಯೆಲ್ಲ ಆಡಿಕೊಂಡಿತು. ನೀವು ಕೊಟ್ಟ ಮಾತು ಉಳಿಸಿಕೊಂಡಿರಿ. ನಾನು ಡೀಸೆಲ್ ಉಳಿದ ಆ ಅಂಕಿಗಳನ್ನೇ ಬರೆದು ಪಾಸಾದೆ, ಪಾಠ ಹೇಳುವ ಕೆಲಸವೂ ಸಿಕ್ಕಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಅದು ನಾನೇ.

ಹೋದ ರಂಜಾನಿಗೆ ನಿಮ್ಮ ಮನೆಗೆ ಬಂದಿದ್ದೆ. ಚಾಚಿ ಶಾವಿಗೆ ಪಾಯಸದ ಬಟ್ಟಲು ಕೈಗಿಡುತ್ತ, "ಈ ಜಿಪುಣರಿಗೆ ಸ್ವಲ್ಪ ಬುದ್ಧಿ ಹೇಳಮ್ಮ, ನೀನು ಓದ್ದೋಳು" ಎಂದರು. ಎಲ್ಲರೂ ನಕ್ಕರು. ನನ್ನ ಮುಖ ನೋಡದೆ ನೀವೂ ನಕ್ಕಿರಿ. ನಾನು ಬಟ್ಟಲು ಖಾಲಿ ಮಾಡಿದೆ — ನಾಚಿಕೆಗೆಟ್ಟವಳು, ಪೂರ್ತಿ ಖಾಲಿ ಮಾಡಿದೆ.

ಆ ಅಂಕಿಗಳು ಸುಳ್ಳೆಂದು ಕಾಲೇಜಿಗೆ ಬರೆದು ಕಳಿಸಿದ್ದೇನೆ. ಪದವಿ ಹೋದರೆ ಹೋಗಲಿ. ಅದು ಸುಲಭದ ಕೆಲಸವಾಗಿತ್ತು. ಭಾನುವಾರ ಬರುತ್ತೇನೆ. ಚಾಚಿ ತಿನ್ನಲು ಏನಾದರೂ ತರುವ ಮೊದಲೇ, ಬಾಗಿಲಲ್ಲೇ ನಿಂತು ಅವರಿಗೆ ಎಲ್ಲ ಹೇಳಬೇಕು. ನೀವು ಮಾತು ಮರೆಸಲು ನೋಡುತ್ತೀರಿ, ನನಗೆ ಗೊತ್ತು. ಬೇಡ ಚಾಚಾ, ತಡೆಯಬೇಡಿ.