ಉಳಿದ ಮೂರು ರೊಟ್ಟಿ

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಭಾಲ್ಕಿಯ ನಮ್ಮ ಶಾಲೆ ಮತ್ತೆ ತೆರೆದಾಗ ಉರ್ದು ಹೋಗಿ ಕನ್ನಡ ಬಂದಿತ್ತು. ಔರಾದದಿಂದ ಹೊಸ ಮಾಸ್ತರರು ಬಂದಿದ್ದರು. ಬದಲಾಗದೆ ಉಳಿದದ್ದು ಒಂದು ಪದ್ಧತಿ: ಲೆಕ್ಕ ಸರಿ ಹೇಳಿದವರು ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಒಂದು ವರ್ಷಕ್ಕೆ ದೊಡ್ಡವನಾದ, ಅದೇ ತರಗತಿಯ ಅಣ್ಣನ ಬೆನ್ನು ಹತ್ತಿ ಹೋಗುತ್ತಿದ್ದೆ. ಉರ್ದು ಇದ್ದಾಗ ಬಾಯಿ ಬಿಟ್ಟವಳೇ ಅಲ್ಲ.

ಒಂದು ದಿನ ಮಾಸ್ತರರು ಕೇಳಿದರು: "ಬುಟ್ಯಾಗಿನ ರೊಟ್ಟಿ ಅರ್ಧ ಬೀಗರು ಉಂಡರು. ಉಳಿದದ್ದರಾಗ ಅರ್ಧ ಮನಿ ಗಂಡಸರು ಉಂಡರು. ಮೂರು ಉಳದಾವ. ಮೊದಲ ಎಷ್ಟಿದ್ವು?"

ಹುಡುಗರು ರೊಟ್ಟಿ ತುಂಬಿದ ಬುಟ್ಟಿಯನ್ನು ಊಹಿಸುತ್ತಾ ಕೂತರು. ಒಬ್ಬ ಇಪ್ಪತ್ತು ಎಂದ, ಅಣ್ಣ ಒಂಬತ್ತು ಎಂದ. ನಾನು ಉಳಿದ ಮೂರರಿಂದ ಹಿಂದಕ್ಕೆ ಹೋದೆ. ನಮ್ಮ ಮನೆಯಲ್ಲಿ ಗಂಡಸರು ಉಂಡು ಎದ್ದ ಮೇಲೆಯೇ ಬುಟ್ಟಿ ನಮ್ಮ ಕೈಗೆ ಬರುತ್ತಿತ್ತು. ಉಳಿದದ್ದನ್ನು ನೋಡಿ ಯಾರು ಎಷ್ಟು ಉಂಡರೆಂದು ಲೆಕ್ಕ ಹಾಕುವುದು ನನಗೂ ಅವ್ವನಿಗೂ ದಿನದ ಕೆಲಸ. ಅದರಲ್ಲಿ ಜಾಣತನವೇನೂ ಇರಲಿಲ್ಲ, ಹಸಿವಿತ್ತು.

"ಹನ್ನೆರಡು ರೀ" ಎಂದೆ.

"ಶಾಬ್ಬಾಸ್! ಹಿಡಿ ಎಲ್ಲಾರ ಮೂಗು" ಎಂದರು ಮಾಸ್ತರರು. ನನಗೆ ಸೊಕ್ಕು ನೆತ್ತಿಗೇರಿತು. ಸಾಲಾಗಿ ಬಾರಿಸುತ್ತಾ ಹೋದೆ, ಅಣ್ಣನನ್ನೂ ಬಿಡಲಿಲ್ಲ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಣ್ಣ ಉಣ್ಣದೆ ಗೋಡೆಗೆ ಮುಖ ಮಾಡಿ ಕೂತಿದ್ದ. "ಗಂಡು ಹುಡುಗನ ಮೂಗು ಹಿಡೀತಿ? ಇನ್ನೊಮ್ಮಿ ಹಿಂಗಾದ್ರ ಸಾಲಿ ಬಿಡಸ್ತೇನಿ ಅಂದಾರ ನಿಮ್ಮಪ್ಪ. ಗೊತ್ತಿದ್ರೂ ಸುಮ್ಮ ಕೂಡು" ಎಂದಳು ಅವ್ವ. ಶಾಲೆ ಬಿಡುವುದು ನನ್ನಿಂದ ಆಗದ ಮಾತು. ಒಲೆಯ ಬೂದಿಯಲ್ಲಿ ಗೆರೆ ಎಳೆದು, ಹಿಂದಿನಿಂದ ಎಣಿಸುವುದನ್ನು ಅಣ್ಣನಿಗೆ ಕಲಿಸಿದೆ. ಆಮೇಲೆ ಅವನು ಉಂಡ.

ಮರುದಿನ ರೊಟ್ಟಿ ಹೋಗಿ ಪೇರಲಹಣ್ಣು ಬಂದಿತ್ತು, ಲೆಕ್ಕ ಅದೇ. "ಗೊತ್ತಿಲ್ಲ ರೀ" ಎಂದೆ. ಅಣ್ಣ ಸರಿಯಾಗಿ ಹೇಳಿದ. ಎದ್ದು ಬಂದು, ಬೂದಿಯಲ್ಲಿ ಕಲಿಸಿದ ನನ್ನದೇ ಮೂಗು ಹಿಡಿದು, ಕಣ್ಣಲ್ಲಿ ನೀರು ಬರುವಂತೆ ಬಾರಿಸಿದ.

"ಹೆಣ್ಣು ಹುಡುಗ್ಯಾರಿಗೆ ಎಲ್ಲಿ ಲೆಕ್ಕ ಹತ್ತತದ! ನಿನ್ನಿ ಹೇಳಿದ್ದು ಕುರುಡ ಒಗದ ಕಲ್ಲು, ಹಂಗ ತಾಗಿತ್ತು" ಎಂದು ಮಾಸ್ತರರು ನಕ್ಕರು. ಹುಡುಗರೆಲ್ಲ ನಕ್ಕರು. ಅವರ ಜೊತೆ ನಾನೂ ನಕ್ಕೆ. ಏಟಿನ ಉರಿ ಎಂದೋ ಆರಿತು, ಆ ನಗು ನೆನಪಾದರೆ ಮಾತ್ರ ಈ ವಯಸ್ಸಿನಲ್ಲೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಶಾಲೆ ಉಳಿಯಿತು. ಲೆಕ್ಕ ಬಂದಾಗಲೆಲ್ಲ "ಗೊತ್ತಿಲ್ಲ ರೀ" ಎನ್ನುತ್ತಾ ವರ್ಷಗಳನ್ನು ದೂಡಿದೆ. ಬೀದರಿನ ಹೈಸ್ಕೂಲು ಸೇರುವ ಹೊತ್ತಿಗೆ ಆ ಮಾತು ಸುಳ್ಳಾಗಿ ಉಳಿದಿರಲಿಲ್ಲ.