ಮೈಕ್ ಅತ್ತೆ

ಊರಿನ ಸೇವಾಸಂಘದಲ್ಲಿ ಸಂಬಳವಿಲ್ಲದೆ ದುಡಿಯುವವರು ಹಲವರಿದ್ದರೂ, ಸಂಬಳ ಕೊಟ್ಟಾದರೂ ಸುಮ್ಮನಿರಿಸಬೇಕು ಅನ್ನಿಸುವುದು ಮೈಕ್ ಅತ್ತೆಯನ್ನು ಮಾತ್ರ. ಅದು ಆಕೆಯ ಗಂಟಲಿಗೆ ಸಂದ ಬಿರುದು; ಎರಡೂ ಪದ ಕೂಡಿಸಿದರೆ ಕೊನೆಗೆ ಕತ್ತೆ ಉಳಿಯುತ್ತದೆಂದು ಬೀದಿಯ ಹುಡುಗರು ಕೂಡಿಸಿಯೇ ಕರೆಯುತ್ತಾರೆ. ಬಡವರಿಗೆಂದು ಯಾರಾದರೂ ಹರಕು ಅಂಗಿ ತಂದರೆ, "ಇದನ್ನ ನೀವೇ ಹಾಕ್ಕೊಂಡು ಪೇಟೆ ಸುತ್ತಿ ಬನ್ನಿ, ಮಾನ ಉಳಿದ್ರೆ ಆಮೇಲೆ ತಗೋತೀನಿ" ಎಂದು ದಾನಿಗಳ ಜನ್ಮ ಜಾಲಾಡುತ್ತಾಳೆ. ಸಂಘಕ್ಕೆ ಬರುವ ನಡೆಯಲಾರದ ಮಕ್ಕಳನ್ನು ಕಂಡು ಲೊಚಗುಟ್ಟುವವರಿಗೆ, "ಪಾಪ ಅಂದಿದ್ದು ಸಾಕು, ಗಾಲಿಕುರ್ಚಿ ತಳ್ಳಿ" ಎನ್ನುತ್ತಾಳೆ. ಮಕ್ಕಳಿಗೂ ರಿಯಾಯಿತಿಯಿಲ್ಲ: "ಕಾಲಲ್ಲಿ ಶಕ್ತಿ ಇಲ್ದಿದ್ರೇನು, ಚೇಷ್ಟೆಗೇನೂ ಕಮ್ಮಿ ಇಲ್ಲ!" ಎಂದು ಗದರಿದರೆ ಅವು ಕಿಸಕ್ಕನೆ ನಗುತ್ತವೆ. ಇಂಥವಳು ಮಧ್ಯಾಹ್ನವಾದರೆ ಹಿಟ್ಟಿನ ಗಿರಣಿಯ ಹಿಂದಿನ ಒಂದು ಕೋಣೆಯ ಮನೆಗೆ ಹೋಗುತ್ತಾಳೆ. ಅಲ್ಲಿನ ಪುಟ್ಟ ಹುಡುಗಿಗೆ ಯಾವಾಗೆಂದರೆ ಆವಾಗ ಫಿಟ್ಸ್ ಬರುವುದರಿಂದ ತಾಯಿ ಕಣ್ಣು ಮುಚ್ಚುವಂತಿಲ್ಲ. "ಮಲಗೇ, ನಾನಿದ್ದೀನಿ" ಎಂದು ಅತ್ತೆ ಮಗುವನ್ನು ತೊಡೆಗೆ ಎಳೆದುಕೊಂಡದ್ದೇ ತಡ, ಆ ತಾಯಿ ಗೋಡೆಗೊರಗಿದಲ್ಲೇ ನಿದ್ದೆಹೋಗುತ್ತಾಳೆ. ಮೊನ್ನೆ ಸಂಘದ ಅಧ್ಯಕ್ಷರು ಕ್ಯಾಮೆರಾದವನನ್ನು ಕರೆದುಕೊಂಡು, "ಏನಮ್ಮಾ, ಎಲ್ಲಾ ಸೌಖ್ಯವೇ?" ಎನ್ನುತ್ತ ಆ ಮನೆಯ ಬಾಗಿಲಿಗೆ ಬಂದರು. ಅತ್ತೆ ಜೋಮು ಹಿಡಿದ ಕಾಲನ್ನು ಅಲುಗಿಸದೆ, ಒಂದು ಕೈಯ ಬೆರಳನ್ನು ತುಟಿಗಿಟ್ಟು, ಇನ್ನೊಂದು ಕೈಯಲ್ಲಿ ಚಪ್ಪಲಿ ಎತ್ತಿ ತೋರಿಸಿದಳು. ಅಧ್ಯಕ್ಷರು ತುದಿಗಾಲಲ್ಲಿ ಹಿಂದೆ ಸರಿದರು. ತಾಯಿ ಮಗ್ಗುಲಾಗಿ ಗೊರಕೆ ಶುರುಮಾಡಿದಳು. ಸಂಜೆಯವರೆಗೂ ಆ ಮನೆಯಲ್ಲಿ ಕೇಳಿಸಿದ್ದು ಅದೊಂದೇ ಸದ್ದು.