ಬಟಾಣಿ ಸೂಪಿನ ಬೆಳಕು

ನಮ್ಮ ಬೀದಿ ಸರೋವರದ ಕಡೆಗೆ ಇಳಿಯುವಲ್ಲಿ ಕೊನೆಯ ಮನೆ ರೂನೆಯದು. ಪಕ್ಕದ್ದು ನನ್ನದು. ಉತ್ತರದ ಹಿಮನಾಡಿನ ಈ ಊರಲ್ಲಿ ಚಳಿಗಾಲ ಬಂದರೆ ಮಧ್ಯಾಹ್ನದ ಕಾಫಿ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ. ಆಗ ಬೇರೆಯವರು ಅಡುಗೆಮನೆಗೊಂದು ದೀಪ ಹಾಕಿಕೊಂಡರೆ ರೂನೆಯ ಮನೆ ಮದುವೆಮನೆ. ಅಂಗಳಕ್ಕೊಂದು, ಸೌದೆ ಕೊಟ್ಟಿಗೆಗೊಂದು, ಮೆಟ್ಟಿಲಿಗೊಂದು. ಅದೂ ಸಾಲದೆ ಅವನೇ ಹೊರಗೆ ಬಂದು ಸರೋವರದ ಆಚೆ ದಡಕ್ಕೆ ಟಾರ್ಚ್ ಬಿಟ್ಟು, ಅಲ್ಲಿನ ಮರಗಳು ಇನ್ನೂ ಇವೆಯೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದ. ನನ್ನ ಮಲಗುವ ಕೋಣೆಗೆ ದಪ್ಪ ಪರದೆ ಬಂದದ್ದು ಅವನ ಕೃಪೆಯಿಂದ.

ನಿವೃತ್ತನಾಗುವವರೆಗೆ ರೂನೆ ಶಾಲೆಯ ಬಸ್ಸು ಓಡಿಸಿದವನು. ಕಾಡಿನ ರಸ್ತೆ, ಬೆನ್ನ ಹಿಂದೆ ಮಕ್ಕಳು, ಮುಂದೆ ಯಾವ ತಿರುವಿನಲ್ಲಿ ಮೂಸ್ ಜಿಂಕೆ ನಿಂತಿದೆಯೋ ದೇವರಿಗೇ ಗೊತ್ತು. ಒಂದು ಮಗುವಿನ ಮೈಗೂ ಗೀರು ಬೀಳದಂತೆ ಕೆಲಸ ಮುಗಿಸಿದ. ಆ ಕಾಲದಲ್ಲೇ ಅವನ ತಲೆಯೊಳಗೆ ಒಂದು ಮಾತು ಕೂತುಬಿಟ್ಟಿತ್ತು.

"ಬೆಳಕು ದೂರ ಹೋಗ್ಬೇಕು," ಅನ್ನುತ್ತಿದ್ದ. "ಹತ್ರ ಇರೋದನ್ನ ನೋಡೋಕೆ ದೀಪ ಯಾಕೆ?"

ಬಸ್ಸು ಬಿಟ್ಟ ಮೇಲೆ ಆ ಹುಚ್ಚು ಟಾರ್ಚಿಗೆ ತಿರುಗಿತು. ಒಬ್ಬನೇ ಆಗಿದ್ದರೆ ಹೇಗೋ ಇಳಿಯುತ್ತಿತ್ತೇನೋ. ಆದರೆ ಊರಲ್ಲಿ ಇನ್ನಿಬ್ಬರು ಸಿಕ್ಕಿದರು. ಒಬ್ಬ ಹೋಲ್ಗರ್, ಮಾಂಸದಂಗಡಿ ನಡೆಸಿ ಮಗಳಿಗೆ ಬಿಟ್ಟುಕೊಟ್ಟವನು. ಇನ್ನೊಬ್ಬ ಎಲೆಕ್ಟ್ರಿಷಿಯನ್ ಉಲ್ರಿಕ್. ಪ್ರತಿ ಶನಿವಾರ ಕತ್ತಲಾದೊಡನೆ ಮೂವರೂ ಊರಾಚೆಯ ಹಳೇ ಜಲ್ಲಿ ಕ್ವಾರಿಗೆ ಹೋಗಿ, ಬೆಂಕಿ ಹಾಕಿ, ಮಸಿ ಹಿಡಿದ ಕೆಟಲಿನಲ್ಲಿ ಕಾಫಿ ಕಾಯಿಸಿಕೊಂಡು, ಎದುರಿನ ಹಿಮದ ಗೋಡೆಯ ಮೇಲೆ ಟಾರ್ಚುಗಳನ್ನು ಅಕ್ಕಪಕ್ಕ ಬಿಟ್ಟು ಜಗಳವಾಡುತ್ತಿದ್ದರು. ಯಾರದು ಬಿಳಿ, ಯಾರದು ಹಳದಿ, ಯಾರದರ ಅಂಚಿನಲ್ಲಿ ಹಸಿರು ಛಾಯೆ ಇದೆ, ಇದೇ ಜಗಳ. ಹಸಿರು ಅನ್ನುವುದು ಅವರಲ್ಲಿ ತಾಯಿಗೆ ಬೈದಷ್ಟೇ ಕೆಟ್ಟದ್ದು.

ಉಲ್ರಿಕ್‌ಗೆ ಬಣ್ಣದ ಗೊಡವೆ ಇಲ್ಲ. ಅವನಿಗೆ ಸೆಲ್ಲೇ ದೇವರು. ಚಳಿಗೆ ಸೆಲ್ಲಿನ ಜೀವ ಕುಗ್ಗುತ್ತದೆಂದು ಯಾವಾಗಲೂ ನಾಲ್ಕಾರನ್ನು ಅಂಗಿಯ ಒಳಜೇಬಿನಲ್ಲಿ, ಕೋಳಿ ಕಾವು ಕೊಟ್ಟ ಹಾಗೆ, ಬೆಚ್ಚಗೆ ಇಟ್ಟುಕೊಂಡಿರುತ್ತಿದ್ದ. ನಿಜವಾದ ಕುಸ್ತಿ ರೂನೆಗೂ ಹೋಲ್ಗರ್‌ಗೂ. ಹೋಲ್ಗರ್ ಹತ್ತಿರ ತಾನೇ ಬಿಚ್ಚಿ ಕೂಡಿಸಿದ ಒಂದು ಮೋಟು ಟಾರ್ಚ್ ಇತ್ತು. ಅದರ ಬೆಳಕು ಮೆತ್ತಗೆ, ಹಳದಿಗೆ ಚೂರು ಗುಲಾಬಿ ಕಲಸಿದ ಹಾಗೆ. ಸುಡಲು ತಂದ ಸಾಸೇಜನ್ನು ಅವನು ಮೊದಲು ಬೆಳಕಿಗೆ ಹಿಡಿಯುತ್ತಿದ್ದ.

"ನೋಡು, ನನ್ನ ಬೆಳಕಲ್ಲಿ ಹೇಗಿದೆ. ಈಗ ನಿಂದು ಬಿಡು. ಸತ್ತು ವಾರ ಆದ ಹಾಗಿಲ್ವಾ?"

"ಸಾಸೇಜು ಸತ್ತೇ ಇರತ್ತೆ ಕಣೋ," ರೂನೆ ಹೇಳುತ್ತಿದ್ದ. "ನಿಂದು ಬೆಳಕಲ್ಲ, ಗುರುವಾರ ಮನೆಮನೇಲೂ ಕುದಿಯೋ ಹಳದಿ ಬಟಾಣಿ ಸೂಪು. ಅಲ್ಲಿರೋ ಬಂಡೆ ತನಕನಾದ್ರೂ ಹೋಗತ್ತಾ ಅದು?"

"ಬಂಡೆ ಹತ್ರ ನಂಗೇನು ಕೆಲಸ?"

ಅವರಲ್ಲೊಂದು ಕಟ್ಟಳೆ ಇತ್ತು. ತನ್ನದಕ್ಕಿಂತ ಇನ್ನೊಬ್ಬನ ಟಾರ್ಚ್ ಮೇಲು ಅನ್ನಿಸಿದರೆ, ಎಲ್ಲರೆದುರು 'ನಿಂದು ಒಳ್ಳೇದು' ಎಂದು ಬಾಯಿಬಿಟ್ಟು ಹೇಳಿ, ಗೆದ್ದವನಿಗೆ ತಾನೇ ಕಾಫಿ ಬಗ್ಗಿಸಿ ಕೊಡಬೇಕು. ಉಲ್ರಿಕ್ ಇಬ್ಬರಿಗೂ ಎಷ್ಟೋ ಸಲ ಬಗ್ಗಿಸಿದ್ದ. ಹೋಲ್ಗರ್ ಕೂಡ, ದೂರದ ಲೆಕ್ಕದಲ್ಲಿ, ಒಮ್ಮೆ ರೂನೆಗೆ ಬಗ್ಗಿಸಿದ್ದ. ರೂನೆ ಮಾತ್ರ ಹೋಲ್ಗರ್‌ಗೆ ಎಂದೂ ಬಗ್ಗಿಸಿದವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

ಇನ್ನು ಸಿಗ್ನೆ, ರೂನೆಯ ಹೆಂಡತಿ. ಸಿಗ್ನೆ ಮತ್ತು ನಾನು, ಇಬ್ಬರು ಹೆಂಗಸರಿಗೂ ದಿನಾ ಮಧ್ಯಾಹ್ನದ ಕಾಫಿಯ ನಂತರ ಸರೋವರದ ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಗೆ ಇಳಿದು ಮುಳುಗುವ ಅಭ್ಯಾಸ. ಮುಳುಗಿ ಎದ್ದು, ದಡದ ಗುಡಿಸಿಲಿನ ಒಲೆಯ ಮುಂದೆ ಕೂತು, ಊರವರನ್ನೆಲ್ಲ ಆಡಿಕೊಂಡು ಬರುವುದು. ಜ್ವರವಿದ್ದಾಗಲೂ ಕಿಂಡಿ ತಪ್ಪಿಸದ ಹೆಂಗಸು ಅವಳು. ಎರಡು ವರ್ಷದಿಂದ ಅವಳ ಕಣ್ಣಿನ ನಡುಭಾಗ ಸವೆಯುತ್ತ ಬಂದಿತ್ತು. ಡಾಕ್ಟರು ಇದಕ್ಕೆ ಆಪರೇಷನ್ ಇಲ್ಲ ಎಂದಿದ್ದರು. ಹಗಲು ಹೇಗೋ ನಡೆಯುತ್ತಿತ್ತು, ಕತ್ತಲಾದರೆ ಕಷ್ಟ. ಆ ಡಿಸೆಂಬರಿನಲ್ಲಿ ಅವರ ಅಂಗಳದಿಂದ ಸರೋವರಕ್ಕಿಳಿಯುವ ದಾರಿಯಲ್ಲಿ ಜಾರಿಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು.

ನಾನು ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆಂದೆ.

"ಕೈ ಹಿಡ್ಕೊಂಡು ಹೋಗೋಕೆ ನಾನೇನು ಶಿಶುವಿಹಾರದ ಮಗುನಾ, ಗುನ್ನೆಲ್?" ಎಂದು ನನ್ನ ಬಾಯಿ ಮುಚ್ಚಿಸಿದಳು.

ರೂನೆ ಟಾರ್ಚ್ ತಂದುಕೊಟ್ಟ. ತನ್ನ ಮತದ ಟಾರ್ಚ್, ಹಾಲಿನಂಥ ಬಿಳಿ. ಅದನ್ನು ಹಿಡಿದು ಅವಳು ಮೆಟ್ಟಿಲಿಳಿದು ಅಲ್ಲೇ ನಿಂತುಬಿಟ್ಟಳು. ಏನೂ ಕಾಣುತ್ತಿಲ್ಲ ಎಂದಳು. ಬೇರೆ ಯಾವ ಗಂಡನಾದರೂ ಆಗ ಬೇರೆ ಏನಾದರೂ ಯೋಚಿಸುತ್ತಿದ್ದ. ರೂನೆಗೆ ಹೊಳೆದದ್ದು ಒಂದೇ, ಬೆಳಕು ಸಾಲುತ್ತಿಲ್ಲ. ಇನ್ನೂ ಜೋರಿನದು ತಂದ. ಅದಕ್ಕೂ ಅದೇ ಮಾತು. ಮೂರನೆಯದು ದಪ್ಪ ಸೆಲ್ಲುಗಳದ್ದು, ಹಚ್ಚಿದರೆ ಕೈಗವಸಿನ ಮೇಲೂ ಬಿಸಿ ತಾಗುತ್ತಿತ್ತು. ಅದನ್ನು ಹಚ್ಚಿದ ಸಂಜೆ ಸಿಗ್ನೆ ಕಣ್ಣು ಮುಚ್ಚಿಕೊಂಡೇ ಒಳಗೆ ಹೋದಳು.

ಮರುದಿನ ಅವಳನ್ನು ಕರೆಯಲು ಹೋದಾಗ, "ನಂಗೆ ಈಗೀಗ ನೀರು ಒಗ್ತಾ ಇಲ್ಲ, ನೀನು ಹೋಗು," ಎಂದಳು.

ಸುಳ್ಳು ಹೇಳಲು ಬರದವಳು ಸುಳ್ಳು ಹೇಳಿದರೆ ಕೇಳುವವರಿಗೇ ಸಂಕಟ. ಆಮೇಲಿನ ದಿನಗಳಲ್ಲಿ ಅವಳು ಕಿಟಕಿಯ ಹತ್ತಿರ ರೇಡಿಯೊ ಹಾಕಿಕೊಂಡು ಕೂತಿರುವುದು ನನ್ನ ಅಡುಗೆಮನೆಯಿಂದ ಕಾಣುತ್ತಿತ್ತು. ಊರವರನ್ನು ಆಡಿಕೊಳ್ಳುವುದನ್ನೂ ಬಿಟ್ಟಿದ್ದಳು. ನನಗೆ ಭಯವಾಗಿದ್ದು ಅದಕ್ಕೆ.

ಭಯ ರೂನೆಗೂ ಆಗಿತ್ತು. ಆದರೆ ಅವನಿಗೆ ಗೊತ್ತಿದ್ದ ಪರೀಕ್ಷೆ ಒಂದೇ.

"ಶನಿವಾರ ಕ್ವಾರಿಗೆ ಬಾ. ಎಲ್ಲಾ ಟಾರ್ಚೂ ಹಿಡಿದು ನೋಡೋಣ," ಎಂದ ಹೆಂಡತಿಗೆ. ಹೊಸ ಸೆಲ್ಲು ಹಾಕಿದರೆ ತನ್ನದೇ ಗೆಲ್ಲುತ್ತದೆಂದು ಒಳಗೊಳಗೆ ನಂಬಿದ್ದ. ಸಿಗ್ನೆ ನನ್ನನ್ನೂ ಎಳೆದುಕೊಂಡು ಹೋದಳು. ಈ ಮೂರು ಗಂಡಸರ ನಡುವೆ ತಾನೊಬ್ಬಳೇ ನಿಲ್ಲಲಾರೆ ಎಂದಳು.

ಕ್ವಾರಿಗೆ ಇಳಿಯುವ ದಾರಿಗೂ, ಸರೋವರದ ದಾರಿಯ ಹಾಗೆಯೇ, ಜಾರದಿರಲೆಂದು ನಸುಗೆಂಪು ಕಲ್ಲುಪುಡಿ ಎರಚಿರುತ್ತಾರೆ. ಎಲ್ಲ ಕಡೆಯೂ ಅಲ್ಲ, ಎರಚಿದವನ ಕೈಬಂದಂತೆ. ಪುಡಿ ಇದ್ದಲ್ಲಿ ಕಾಲಿಟ್ಟರೆ ಬದುಕು, ಇಲ್ಲದಲ್ಲಿ ಗಾಜು. ಸಿಗ್ನೆಯನ್ನು ಆ ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿದರು. ಮೊದಲು ರೂನೆಯ ದೊಡ್ಡದು. ಹಿಮ, ಮಂಜುಗಡ್ಡೆ, ಪುಡಿ ಎಲ್ಲ ಒಂದೇ ಬಿಳುಪಾಗಿ ಭಗ್ಗೆಂದಿತು. ನನ್ನ ಒಳ್ಳೆಯ ಕಣ್ಣಿಗೇ ನೀರು ಬಂತು. ಸಿಗ್ನೆ ಒಂದು ಹೆಜ್ಜೆಯೂ ಇಡಲಿಲ್ಲ.

"ಕಾಣ್ತಿದ್ಯಾ?" ರೂನೆ ಕೇಳಿದ.

"ಬೆಳಕು ಕಾಣ್ತಿದೆ," ಎಂದಳು.

ಉಲ್ರಿಕ್‌ನದು ಹಚ್ಚಿದರು. ಅದರದೂ ಅದೇ ಪಾಡು. ಮೂರನೆಯದಾಗಿ ಹೋಲ್ಗರ್ ತನ್ನ ಮೋಟು ಟಾರ್ಚನ್ನು, ಅದೂ ಸಣ್ಣಗೆ ಮಾಡಿ, ಅವಳ ಕೈಗೇ ಕೊಟ್ಟ. "ದೂರ ಬಿಡ್ಬೇಡ ಸಿಗ್ನೆ, ಕಾಲ ಬುಡಕ್ಕೆ ಹಿಡಿ," ಎಂದ.

ಸಿಗ್ನೆ ಬಗ್ಗಿ ನೋಡಿದಳು. ತಲೆಯನ್ನು ಸ್ವಲ್ಪ ಓರೆ ಮಾಡಿ ಇನ್ನೊಮ್ಮೆ ನೋಡಿದಳು.

"ಇಲ್ಲಿ ಕೆಂಪಗೆ ಪುಡಿ ಇದೆ," ಎಂದಳು. ಕಾಲಿಟ್ಟಳು. "ಅಲ್ಲಿಲ್ಲ. ಆ ಕಡೆ ಇದೆ." ಮತ್ತೆ ಕಾಲಿಟ್ಟಳು. ಹಾಗೆ ಪುಡಿಯಿಂದ ಪುಡಿಗೆ, ಯಾರ ಕೈಯೂ ಹಿಡಿಯದೆ, ಇಳಿಜಾರಿನ ಕೆಳಗಿದ್ದ ಬೆಂಕಿಯವರೆಗೆ ನಡೆದುಹೋಗಿ ಮರದ ದಿಮ್ಮಿಯ ಮೇಲೆ ಕೂತು, "ಏನು, ಈ ಮನೆಯಲ್ಲಿ ಕಾಫಿ ಕೊಡೋ ಪದ್ಧತಿ ಇಲ್ವಾ?" ಎಂದು ಕೇಳಿದಳು. ವಾರಗಳ ನಂತರ ಕೇಳಿದ ಹಳೇ ಸಿಗ್ನೆಯ ದನಿ.

ರೂನೆ ಮೇಲೆಯೇ ನಿಂತಿದ್ದ. ಆಮೇಲೆ ನಿಧಾನ ಇಳಿದು ಬಂದು ಕೆಟಲು ಎತ್ತಿಕೊಂಡ. ಹೆಂಡತಿಗೆ ಬಗ್ಗಿಸಿದ. ಇನ್ನೊಂದು ಲೋಟ ತುಂಬಿಸಿ ಹೋಲ್ಗರ್‌ಗೆ ಚಾಚಿದ.

"ನಿಂದು ಒಳ್ಳೇದು," ಎಂದ.

ಈ ಮಾತಿಗಾಗಿ ಹೋಲ್ಗರ್ ಎಷ್ಟು ಚಳಿಗಾಲ ಕಾದಿದ್ದನೋ. ಅವನು ಹೇಗೆಲ್ಲ ಕುಣಿಯಬಹುದೆಂದು ನಾನು ಎಣಿಸಿದ್ದೆ. ಮನುಷ್ಯ ಕುಣಿಯಲಿಲ್ಲ. ಲೋಟ ತೆಗೆದುಕೊಂಡು ಬೆಂಕಿ ನೋಡುತ್ತ ಕುಡಿದ. ಖಾಲಿ ಲೋಟ ಕೆಳಗಿಟ್ಟು, "ಸೂಪು ಅವಳ ಹತ್ರನೇ ಇರ್ಲಿ. ನಾನು ಇನ್ನೊಂದು ಮಾಡ್ಕೊಳ್ತೀನಿ," ಎಂದ.

"ಸೆಲ್ಲು ಬೆಚ್ಚಗಿರ್ಬೇಕು," ಎಂದು ಉಲ್ರಿಕ್ ತನ್ನ ಒಳಜೇಬಿನಿಂದ ಒಂದನ್ನು ತೆಗೆದು ರೂನೆಯ ಒಳಜೇಬಿಗೆ ಹಾಕಿದ. ಆ ಗುಂಪಿನಲ್ಲಿ ಇದಕ್ಕಿಂತ ದೊಡ್ಡ ಆಲಿಂಗನ ನಾನು ನೋಡಿಲ್ಲ.

ಸೋಮವಾರ ಮಧ್ಯಾಹ್ನ ನಾನು ಮೊದಲೇ ಹೋಗಿ ಗುಡಿಸಿಲಿನ ಒಲೆ ಹಚ್ಚಿದೆ. ಸಿಗ್ನೆ ಒಬ್ಬಳೇ ಬರುತ್ತೇನೆಂದಿದ್ದಳು. ಬಾಗಿಲಲ್ಲಿ ನಿಂತು ದಡದ ಮೇಲಕ್ಕೆ ನೋಡಿದೆ. ರೂನೆಯ ಮನೆಯಲ್ಲಿ ಒಂದು ದೀಪವೂ ಇರಲಿಲ್ಲ. ಅಂಗಳದ್ದು, ಕೊಟ್ಟಿಗೆಯದು, ಮೆಟ್ಟಿಲಿನದು, ಎಲ್ಲ ಕತ್ತಲು. ಕರೆಂಟು ಹೋಗಿದೆಯೇನೋ ಎಂದುಕೊಂಡೆ. ಆದರೆ ನನ್ನ ಮನೆಯ ಕಿಟಕಿ ಬೆಳಗುತ್ತಲೇ ಇತ್ತು. ಬೇರೆ ಯಾವ ದೀಪವೂ ಕಣ್ಣಿಗೆ ಹೊಡೆಯದ ಆ ಕತ್ತಲಲ್ಲಿ ಒಂದು ಚಿಕ್ಕ ಹಳದಿ ಬೆಳಕು, ನೆಲಕ್ಕೆ ಮೂಗು ಹಚ್ಚಿಕೊಂಡು, ಅಲ್ಲಲ್ಲಿ ನಿಂತು, ಮತ್ತೆ ಹೊರಟು, ಇಳಿದು ಬಂತು.

ಮುಳುಗಿದೆವು. ಒಲೆಯ ಮುಂದೆ ಕೂತು ಊರವರ ಬಾಕಿಯನ್ನೆಲ್ಲ ಒಂದೇ ದಿನದಲ್ಲಿ ತೀರಿಸಿದೆವು. ಆಮೇಲೆ ಅವಳು ಮುಂದೆ, ನಾನು ಹಿಂದೆ, ಹತ್ತಿ ಬಂದೆವು.

ಅಂಗಳದ ಬೇಲಿಯ ಹತ್ತಿರ ಬಂದಾಗ ಕತ್ತಲಲ್ಲಿ ಒಂದು ಆಕಾರ ಅಲುಗಾಡಿತು. ರೂನೆ. ಟೊಪ್ಪಿಗೆಯ ಮೇಲೆ, ಭುಜದ ಮೇಲೆ ಹಿಮ ಕೂತಿತ್ತು. ಕೈಯಲ್ಲಿ ಆಚೆ ದಡದ ಮರಗಳನ್ನು ಮುಟ್ಟುವ ಆ ದೊಡ್ಡ ಟಾರ್ಚ್, ಹೆಬ್ಬೆರಳು ಗುಂಡಿಯ ಮೇಲೆ. ಹಚ್ಚಿರಲಿಲ್ಲ.

"ನೀರು ಹೇಗಿತ್ತು?" ಎಂದ.

"ತಣ್ಣಗಿತ್ತು. ನೀನು ಅವಾಗಿಂದ ಇಲ್ಲೇ ನಿಂತಿದ್ದೆ ಅಲ್ವಾ?"

"ಇಲ್ಲ, ಇಲ್ಲ. ಒಳಗೆ ಕಾಫಿ ಕಾಯಿಸ್ತಿದ್ದೆ. ಈಗ ತಾನೇ ಬಂದೆ."

ಸಿಗ್ನೆ ಹೋಲ್ಗರ್‌ನ ಟಾರ್ಚನ್ನು ಆರಿಸಿ ಜೇಬಿಗೆ ಹಾಕಿಕೊಂಡು, ಗಂಡನ ಭುಜದ ಮೇಲಿನ ಹಿಮವನ್ನು ಕೈಯಲ್ಲಿ ಸವರಿ ಕೆಡವಿದಳು.

"ಸುಳ್ಳು ಹೇಳ್ಬೇಡ ರೂನೆ," ಎಂದಳು. "ನೀನು ಒಳಗಿದ್ದಿದ್ರೆ ಮನೆ ತುಂಬ ದೀಪ ಇರ್ತಿತ್ತು."